ಕಾರ್ಖಾನೆಯ ಬಾಗಿಲು: ಬಲವೆಲ್ಲ ಅಂಚಿನಲ್ಲಿ

ಕೈಗಾರಿಕಾ ಕಟ್ಟಡದ ಕಂಬ, ಗೋಡೆ, ಚಾವಣಿಗಳನ್ನು ಒಮ್ಮೆ ಎಬ್ಬಿಸಿ ನಿಲ್ಲಿಸಿದ ಮೇಲೆ ಅವು ನಿಂತಲ್ಲಿಂದ ಕದಲುವುದಿಲ್ಲ. ಬಾಗಿಲೊಂದು ಮಾತ್ರ ದಿನಕ್ಕೆ ಹತ್ತಾರು, ಕೆಲವೆಡೆ ನೂರಾರು ಬಾರಿ ತನ್ನ ಜಾಗ ಬಿಟ್ಟು ಮೇಲೇರಿ, ಪುನಃ ಕೆಳಗಿಳಿದು, ಇಳಿದ ಪ್ರತಿ ಸಲವೂ ಗೋಡೆಯಷ್ಟೇ ಗಟ್ಟಿಯಾಗಿ, ಗೋಡೆಯಷ್ಟೇ ಬಿಗಿಯಾಗಿ ನಿಲ್ಲಬೇಕಾಗುತ್ತದೆ. ಸರಕು ತುಂಬಿದ ಲಾರಿ ನೇರವಾಗಿ ಒಳಗೆ ಬರಬೇಕಾದರೆ ಸುಮಾರು 5 ಮೀಟರ್ ಅಗಲ, 5 ಮೀಟರ್ ಎತ್ತರದ ತೆರಪು ಬೇಕು. ಅಂದರೆ 25 ಚದರ ಮೀಟರ್ ವಿಸ್ತಾರದ, ನಡುವೆ ಯಾವ ಕಂಬದ ಆಸರೆಯೂ ಇಲ್ಲದ ತೆಳುವಾದ ಹಾಳೆಯೊಂದು ಬಿರುಗಾಳಿಯ ಒತ್ತಡವನ್ನೂ, ಗಾಳಿಯಲ್ಲಿ ಹಾರಿಬರುವ ಮರದ ತುಂಡುಗಳ ಹೊಡೆತವನ್ನೂ, ಫೋರ್ಕ್‌ಲಿಫ್ಟಿನ ಗುದ್ದನ್ನೂ, ಮಳೆಯ ಎರಚಲನ್ನೂ ತಡೆಯಬೇಕು. ಇಂಥ ಬಾಗಿಲನ್ನು ಕೊಳ್ಳುವವರು ಸಾಮಾನ್ಯವಾಗಿ ಹಾಳೆ ಎಷ್ಟು ದಪ್ಪ ಎಂದು ಕೇಳುತ್ತಾರೆ. ಆದರೆ ಬಾಗಿಲು ಉಳಿಯುವುದೂ ಹೋಗುವುದೂ ಬಹುಮಟ್ಟಿಗೆ ಹಾಳೆಯ ನಡುವಿನಲ್ಲಿ ನಿರ್ಧಾರವಾಗುವುದಿಲ್ಲ. ಅದು ಚಾನೆಲ್‌ಗೆ ಕೂಡುವ ಪಕ್ಕ, ನೆಲಕ್ಕೆ ತಾಗುವ ತಳ, ತೊಲೆಗೆ ಒರಗುವ ಮೇಲ್ಭಾಗ, ಹೀಗೆ ನಾಲ್ಕು ಅಂಚುಗಳಲ್ಲಿ ನಿರ್ಧಾರವಾಗುತ್ತದೆ.

ಮೇಲಕ್ಕೆ ಎತ್ತುವ ಬಾಗಿಲುಗಳಲ್ಲಿ ನಮ್ಮ ಕಣ್ಣಿಗೆ ಹೆಚ್ಚು ಬೀಳುವುದು ರೋಲಿಂಗ್ ಶಟರ್. ಒಂದರೊಳಗೊಂದು ಕೊಂಡಿಯಂತೆ ಸೇರಿಕೊಂಡ ಉದ್ದನೆಯ ಉಕ್ಕಿನ ಪಟ್ಟಿಗಳು ಎರಡು ಪಕ್ಕದ ಚಾನೆಲ್‌ಗಳಲ್ಲಿ ಜಾರುತ್ತ ಮೇಲಿನ ಕೊಳವೆಗೆ ಸುತ್ತಿಕೊಳ್ಳುವ ಈ ಬಗೆಯ ಬಾಗಿಲಿಗೆ ಭಾರತದಲ್ಲಿ ಐಎಸ್ 6248 ಎಂಬ ಮಾನಕವಿದ್ದು, 3.5 ಮೀಟರ್ ಅಗಲದವರೆಗಿನ ಶಟರ್‌ಗೆ ಪಟ್ಟಿಯ ದಪ್ಪ ಕನಿಷ್ಠ 0.9 ಮಿ.ಮೀ., ಅದಕ್ಕಿಂತ ಅಗಲವಾದದ್ದಕ್ಕೆ 1.2 ಮಿ.ಮೀ. ಇರಬೇಕೆಂಬುದು ರೂಢಿಯ ಲೆಕ್ಕ. ಎರಡನೆಯದು ಸೆಕ್ಷನಲ್ ಬಾಗಿಲು, ಅಂದರೆ ಸುಮಾರು ಅರ್ಧ ಮೀಟರ್ ಎತ್ತರದ ಅಡ್ಡ ಹಲಗೆಗಳನ್ನು ಕೀಲುಗಳಿಂದ ಜೋಡಿಸಿ, ಪ್ರತಿ ಹಲಗೆಯ ತುದಿಗೆ ಉರುಳೆ ಕೂರಿಸಿ, ಹಳಿಯ ಮೇಲೆ ಏರಿಸಿ ಚಾವಣಿಯಡಿ ಮಲಗಿಸುವಂಥದ್ದು. ಅಮೆರಿಕದ ಸಿ. ಜಿ. ಜಾನ್ಸನ್ ಎಂಬವರು 1921ರಲ್ಲಿ ಇಂಥ ಮೇಲೆತ್ತುವ ಬಾಗಿಲನ್ನೂ, 1926ರಲ್ಲಿ ಅದನ್ನು ವಿದ್ಯುತ್ತಿನಿಂದ ಎತ್ತುವ ಯಂತ್ರವನ್ನೂ ರೂಪಿಸಿದರು. ಮೂರನೆಯದು ದಪ್ಪ ಪ್ಲಾಸ್ಟಿಕ್ ಲೇಪಿಸಿದ ಬಟ್ಟೆಯ ಪರದೆಯನ್ನು ಕೆಲವೇ ಕ್ಷಣಗಳಲ್ಲಿ ಏರಿಸಿ ಇಳಿಸುವ ಹೈಸ್ಪೀಡ್ ಬಾಗಿಲು. ಆಹಾರ, ಔಷಧ, ಬಿಡಿಭಾಗಗಳ ಕಾರ್ಖಾನೆಗಳ ಒಳಗೆ ಇದರ ಬಳಕೆ ಹೆಚ್ಚು.

ಬಾಗಿಲು ಮುರಿದರೆ ಬಾಗಿಲಷ್ಟೇ ಹೋಯಿತು ಎಂಬ ಭಾವನೆಯನ್ನು ಕಟ್ಟಡ ಎಂಜಿನಿಯರುಗಳು ಗಂಭೀರವಾಗಿ ಬದಲಿಸಿಕೊಳ್ಳುವಂತೆ ಮಾಡಿದ್ದು 1992ರ ಆಗಸ್ಟ್ 24ರ ನಸುಕಿನಲ್ಲಿ ದಕ್ಷಿಣ ಫ್ಲಾರಿಡಾಕ್ಕೆ ಅಪ್ಪಳಿಸಿದ ಆಂಡ್ರೂ ಚಂಡಮಾರುತ. ಗಂಟೆಗೆ ಸುಮಾರು 265 ಕಿ.ಮೀ. ವೇಗದ ಗಾಳಿಗೆ ಹೋಮ್‌ಸ್ಟೆಡ್ ಸುತ್ತಮುತ್ತಲ ಬಡಾವಣೆಗಳು ನೆಲಸಮವಾದವು. ಬಳಿಕ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯ ಪರಿಶೀಲನಾ ತಂಡಗಳು ಹಾನಿಯ ಜಾಡು ಹಿಡಿದು ನೋಡಿದಾಗ, ಹಲವು ಮನೆಗಳಲ್ಲಿ ಮೊದಲು ಸೋತದ್ದು ಕಾರು ನಿಲ್ಲಿಸುವ ಗ್ಯಾರೇಜಿನ ಅಗಲವಾದ ಬಾಗಿಲು, ಚಾವಣಿ ಹಾರಿಹೋದದ್ದು ಅನಂತರ ಎಂಬುದು ಕಂಡುಬಂತು. ಅಲ್ಲಿದ್ದವು ಮನೆಗಳ ಬಾಗಿಲುಗಳೇ ಆದರೂ, ಅಗಲವಾದ ತೆಳು ಬಾಗಿಲು ಮತ್ತು ಹಗುರವಾದ ಚಾವಣಿ ಎರಡೂ ಕೂಡಿರುವ ಕೈಗಾರಿಕಾ ಶೆಡ್‌ಗೆ ಈ ಪಾಠ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಇದರ ಹಿಂದಿನ ಕಾರಣ ಸರಳವಾದದ್ದೇ. ಗಾಳಿ ಕಟ್ಟಡವನ್ನು ಹಾದುಹೋಗುವಾಗ ಎದುರಿನ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ, ತಗ್ಗು ಇಳಿಜಾರಿನ ಚಾವಣಿಯನ್ನು ಮಾತ್ರ ಮೇಲಕ್ಕೆ ಹೀರುತ್ತದೆ. ಗಾಳಿಗೆ ಎದುರಾದ ಬಾಗಿಲು ಕಿತ್ತು ಬಂದರೆ ಗಾಳಿ ಒಳಗೆ ನುಗ್ಗಿ, ಹೊರಹೋಗಲು ದಾರಿಯಿಲ್ಲದೆ, ಚಾವಣಿಯನ್ನು ಕೆಳಗಿನಿಂದಲೂ ಎತ್ತತೊಡಗುತ್ತದೆ. ಮೇಲಿನಿಂದ ಹೀರುವಿಕೆ, ಕೆಳಗಿನಿಂದ ನೂಕುವಿಕೆ ಎರಡೂ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತವೆ. ಗಾಳಿಯ ಹೊರೆಯನ್ನು ಕುರಿತ ಭಾರತೀಯ ಮಾನಕವಾದ ಐಎಸ್ 875ರ 3ನೇ ಭಾಗ ಈ ಮಾತನ್ನು ಅಂಕಿಗಳಲ್ಲಿ ಹೇಳುತ್ತದೆ. ಗೋಡೆಯಲ್ಲಿನ ತೆರಪು ಶೇ. 5ಕ್ಕಿಂತ ಕಡಿಮೆಯಿದ್ದರೆ ಒಳಗಿನ ಒತ್ತಡದ ಗುಣಾಂಕ 0.2, ಶೇ. 5ರಿಂದ 20ರವರೆಗೆ 0.5, ಅದಕ್ಕೂ ಮೀರಿದರೆ 0.7. ಮುಂಭಾಗದ ಗೋಡೆ 30 ಮೀಟರ್ ಉದ್ದ, 6 ಮೀಟರ್ ಎತ್ತರವಿರುವ ಶೆಡ್ಡನ್ನು ತೆಗೆದುಕೊಂಡರೆ, ಅದರ 180 ಚದರ ಮೀಟರಿನಲ್ಲಿ 25 ಚದರ ಮೀಟರಿನ ಒಂದು ಬಾಗಿಲು ಎಂದರೆ ಶೇ. 14, ಅಂಥ ಎರಡು ಬಾಗಿಲುಗಳೆಂದರೆ ಶೇ. 28. ಚಾವಣಿಯ ಮೇಲಿನ ಹೀರಿಕೆಯ ಗುಣಾಂಕ 0.9 ಎಂದಿಟ್ಟುಕೊಂಡರೆ, ಬಾಗಿಲುಗಳು ಮುಚ್ಚಿದ್ದಾಗ ಚಾವಣಿಯನ್ನು ಎತ್ತುವ ಒಟ್ಟು ಗುಣಾಂಕ 1.1, ಒಂದು ಬಾಗಿಲು ಹೋದರೆ 1.4, ಎರಡೂ ಹೋದರೆ 1.6. ಬಾಗಿಲು ಮುಚ್ಚಿಯೇ ಇರುತ್ತದೆ ಎಂಬ ನಂಬಿಕೆಯಿಂದ ಚಾವಣಿಯ ಬೋಲ್ಟುಗಳನ್ನು ಲೆಕ್ಕಹಾಕಿದ್ದರೆ, ಬಾಗಿಲು ಸೋತ ಕ್ಷಣದಲ್ಲಿ ಅವುಗಳ ಮೇಲಿನ ಎಳೆತ ಸುಮಾರು ಒಂದೂವರೆ ಪಟ್ಟಿನ ಹತ್ತಿರ ಬರುತ್ತದೆ. ಹಾಗಾಗಿ ಬಾಗಿಲನ್ನು ಕಟ್ಟಡದ ಮುಖ್ಯ ಅಂಗವೆಂದು ಲೆಕ್ಕಕ್ಕೆ ಹಿಡಿಯದೆ, ಕೊನೆಯಲ್ಲಿ ಕೂರಿಸುವ ಸಾಮಾನೆಂದು ಬಗೆಯುವುದು ದೊಡ್ಡ ತಪ್ಪು.

ಆಂಡ್ರೂ ಬಂದುಹೋದ ಮೇಲೆ ದಕ್ಷಿಣ ಫ್ಲಾರಿಡಾದಲ್ಲಿ ಬಾಗಿಲು ಕಿಟಕಿಗಳಿಗೆ ಹೊಸ ಪರೀಕ್ಷೆಗಳು ಬಂದವು, 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಜಾರಿಯಾಯಿತು. ಮಯಾಮಿ-ಡೇಡ್ ಮತ್ತು ಬ್ರೊವಾರ್ಡ್ ಕೌಂಟಿಗಳು ಆ ಸಂಹಿತೆಯಲ್ಲಿ ಅತಿವೇಗದ ಚಂಡಮಾರುತ ವಲಯವೆಂದು ಗುರುತಿಸಲ್ಪಟ್ಟಿದ್ದು, ಅಲ್ಲಿನ ಬಾಗಿಲು ದಾಟಬೇಕಾದ ಪರೀಕ್ಷೆ ಕುತೂಹಲಕರವಾಗಿದೆ. ಸುಮಾರು 4.1 ಕಿಲೋ ತೂಕದ ಮರದ ರೀಪನ್ನು ವಾಯುಚಾಲಿತ ತೋಪಿನಿಂದ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ, ತುದಿ ಮುಂದಾಗಿ, ಬಾಗಿಲಿಗೆ ಹೊಡೆಯಲಾಗುತ್ತದೆ; ಬಿರುಗಾಳಿಯಲ್ಲಿ ಕಿತ್ತುಬರುವ ಚಾವಣಿಯ ಮರಮುಟ್ಟಿಗೆ ಈ ರೀಪು ಪ್ರತಿನಿಧಿ. ಹೊಡೆತ ತಿಂದ ಅದೇ ಬಾಗಿಲನ್ನು ದುರಸ್ತಿ ಮಾಡದೆ, ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ಎಂಬಂತೆ ಒಟ್ಟು 1,342 ಬಾರಿ ಒತ್ತಡಕ್ಕೆ ಗುರಿಪಡಿಸಲಾಗುತ್ತದೆ. ಅಮೆರಿಕದ ಉಳಿದೆಡೆ ಬಳಕೆಯಲ್ಲಿರುವ ಎಎಸ್‌ಟಿಎಂ ವಿಧಾನದಲ್ಲಿ ಈ ಸಂಖ್ಯೆ 9,000. ಪರೀಕ್ಷೆಯ ಕೊನೆಗೆ ಬಾಗಿಲು ನೆಗ್ಗಿರಬಹುದು, ಸೊಟ್ಟಗಾಗಿರಬಹುದು, ಮತ್ತೆ ತೆರೆಯದೇ ಹೋಗಬಹುದು; ಆದರೆ ಗಾಳಿ ನುಗ್ಗುವಷ್ಟು ದೊಡ್ಡ ತೂತು ಬಿದ್ದಿರಬಾರದು, ಬಾಗಿಲು ಚೌಕಟ್ಟಿನಿಂದ ಕಳಚಿರಬಾರದು. ಒಂದೇ ದೊಡ್ಡ ನೂಕಿಗಿಂತ ಸಾವಿರಾರು ಸಣ್ಣ ನೂಕುಗಳಿಗೆ ಈ ಪರೀಕ್ಷೆ ಒತ್ತು ಕೊಟ್ಟಿರುವುದು ಸರಿಯಾಗಿಯೇ ಇದೆ, ಏಕೆಂದರೆ ಗಾಳಿ ಬೀಸುವುದು ಅಲೆಅಲೆಯಾಗಿ. ಬೋಲ್ಟು ಸಡಿಲಗೊಳ್ಳುವುದು, ಬೆಸುಗೆ ಬಿರುಕು ಬಿಡುವುದು ಈ ಮರುಕಳಿಕೆಯಿಂದಲೇ.

ಭಾರತದ ಪರಿಸ್ಥಿತಿಗೆ ಬಂದರೆ, ಐಎಸ್ 875 ದೇಶವನ್ನು ಗಾಳಿಯ ವಲಯಗಳಾಗಿ ವಿಂಗಡಿಸಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಚೆನ್ನೈ ಮತ್ತು ವಿಶಾಖಪಟ್ಟಣಕ್ಕೆ 50 ಮೀಟರ್ ಮೂಲ ವೇಗವನ್ನು ನಿಗದಿ ಮಾಡಿದೆ. ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಈ ಅಂಕಿಗಳ ನಡುವಿನ ಅಂತರ ಮೇಲುನೋಟಕ್ಕೆ ಕಾಣುವುದಕ್ಕಿಂತ ಬಹಳ ದೊಡ್ಡದು. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಪ್ಯಾಸ್ಕಲ್ ಎಂಬ ಮಾನದಲ್ಲಿ ಒತ್ತಡ ದೊರೆಯುತ್ತದೆ. 10 ಪ್ಯಾಸ್ಕಲ್ ಎಂದರೆ ಚದರ ಮೀಟರಿಗೆ ಸುಮಾರು ಒಂದು ಕಿಲೋ ಭಾರವೆಂದು ತಿಳಿದರೆ ಸಾಕು. ಭೂಮಿಯ ಏರುತಗ್ಗು, ಕಟ್ಟಡದ ಎತ್ತರ ಮುಂತಾದ ತಿದ್ದುಪಡಿಗಳನ್ನು ಬದಿಗಿಟ್ಟರೆ, 25 ಚದರ ಮೀಟರಿನ ಬಾಗಿಲಿನ ಮೇಲೆ ಬೆಂಗಳೂರಿನಲ್ಲಿ ಬೀಳುವ ಭಾರ ಸುಮಾರು 1.7 ಟನ್, ಮಂಗಳೂರಿನಲ್ಲಿ 2.3 ಟನ್, ವಿಶಾಖಪಟ್ಟಣದಲ್ಲಿ 3.8 ಟನ್. ಪೂರ್ವ ಕರಾವಳಿ ಮತ್ತು ಗುಜರಾತ್ ಕರಾವಳಿಯ 60 ಕಿ.ಮೀ. ಪಟ್ಟಿಯಲ್ಲಿನ ಕೈಗಾರಿಕಾ ಕಟ್ಟಡಗಳಿಗೆ ಗಾಳಿಯ ವೇಗವನ್ನು 1.15 ಪಟ್ಟು ಹೆಚ್ಚಿಸಿಕೊಳ್ಳಬೇಕೆಂದು 2015ರ ಪರಿಷ್ಕರಣೆ ಹೇಳುವುದರಿಂದ, ವಿಶಾಖಪಟ್ಟಣದ ಲೆಕ್ಕ 5 ಟನ್ನಿಗೆ ಏರುತ್ತದೆ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ಆ ನಗರದ ಮೇಲೆಯೇ ಹಾದುಹೋಗಿ ವಿಮಾನ ನಿಲ್ದಾಣದಿಂದ ಉಕ್ಕಿನ ಕಾರ್ಖಾನೆಯವರೆಗೆ ಹಾನಿ ಮಾಡಿದ್ದನ್ನು ನೆನೆದರೆ ಈ ಎಚ್ಚರಿಕೆ ಅತಿಯೆನಿಸದು. ಬೆಂಗಳೂರಿನ ಪೀಣ್ಯದಲ್ಲಿ ಚೆನ್ನಾಗಿ ಕೆಲಸ ಮಾಡುವ ಬಾಗಿಲಿನ ನಕ್ಷೆಯನ್ನೇ ವಿಶಾಖಪಟ್ಟಣಕ್ಕೆ ಕಳುಹಿಸಿದರೆ ಅದು ಮೂರರಷ್ಟು ಭಾರಕ್ಕೆ ಎದೆಯೊಡ್ಡಬೇಕಾಗುತ್ತದೆ.

ಇಷ್ಟು ಭಾರವನ್ನು ಒಂದು ಮಿ.ಮೀ. ದಪ್ಪದ ಪಟ್ಟಿಗಳು ಹೇಗೆ ಹೊರುತ್ತವೆ ಎಂಬುದೇ ಈ ವಿನ್ಯಾಸದ ತಿರುಳು. ಗಾಳಿ ಸೌಮ್ಯವಾಗಿದ್ದಾಗ ಶಟರಿನ ಪ್ರತಿ ಪಟ್ಟಿಯೂ ಎರಡು ತುದಿಗಳ ಮೇಲೆ ಕೂತ ಪುಟ್ಟ ತೊಲೆಯಂತೆ ವರ್ತಿಸಿ, ತನ್ನ ಬಾಗುವಿಕೆಯ ಬಲದಿಂದ ಒತ್ತಡವನ್ನು ತಡೆಯುತ್ತದೆ. ಒತ್ತಡ ಹೆಚ್ಚಿದಂತೆ ಪಟ್ಟಿ ಬಿಲ್ಲಿನಂತೆ ಬಾಗಿ, ಅದರ ತುದಿಗಳು ಚಾನೆಲಿನಿಂದ ಹೊರಕ್ಕೆ ಜಾರಲು ಹವಣಿಸುತ್ತವೆ. ಸಾಧಾರಣ ಶಟರುಗಳು ಬಿರುಗಾಳಿಯಲ್ಲಿ ಕಿತ್ತುಬರುವುದು ಹೀಗೆ ಚಾನೆಲ್ ಬಿಟ್ಟು ಜಾರಿಯೇ ಹೊರತು ಪಟ್ಟಿ ತುಂಡಾಗಿ ಅಲ್ಲ. ಇದನ್ನು ತಡೆಯಲು ಪಟ್ಟಿಗಳ ತುದಿಗೆ ಕೊಕ್ಕೆಯಾಕಾರದ ಉಕ್ಕಿನ ಅಥವಾ ಎರಕದ ತುಂಡುಗಳನ್ನು ರಿವೆಟ್ ಮಾಡಿ, ಚಾನೆಲಿನ ಒಳಗೆ ಅವು ಸಿಕ್ಕಿಕೊಳ್ಳುವಂತೆ ಒಂದು ಸರಳನ್ನು ಉದ್ದಕ್ಕೂ ಬೆಸೆಯುತ್ತಾರೆ. ಇದಕ್ಕೆ ವಿಂಡ್ ಲಾಕ್ ಎಂದು ಹೆಸರು. ಕೊಕ್ಕೆ ಸರಳಿಗೆ ತಾಗಿದ ಕ್ಷಣದಿಂದ ಪಟ್ಟಿ ತೊಲೆಯ ಕೆಲಸ ಬಿಟ್ಟು, ಎರಡು ಗೂಟಗಳ ನಡುವೆ ಬಟ್ಟೆ ಒಣಹಾಕಲು ಕಟ್ಟಿದ ಹಗ್ಗದಂತೆ, ಬಾಗುವಿಕೆಯ ಬಲದಿಂದಲ್ಲದೆ ಬರಿಯ ಎಳೆತದಲ್ಲಿ ಭಾರ ಹೊರತೊಡಗುತ್ತದೆ. ಉಕ್ಕು ಬಾಗುವುದಕ್ಕಿಂತ ಎಳೆತದಲ್ಲಿ ಬಹಳ ಸಮರ್ಥವಾದ್ದರಿಂದ ತೆಳು ಪಟ್ಟಿಯೂ ಟನ್ನುಗಟ್ಟಲೆ ಭಾರ ತಡೆಯಬಲ್ಲದು.

ಆದರೆ ಈ ಉಪಾಯಕ್ಕೆ ತೆರಬೇಕಾದ ಬೆಲೆ ಬಾಗಿಲಿನಲ್ಲಿ ಕಾಣುವುದಿಲ್ಲ, ಅದರ ಪಕ್ಕದ ಕಂಬದಲ್ಲಿ ಕಾಣುತ್ತದೆ. 5 ಮೀಟರ್ ಅಗಲದ ಶಟರಿನ ಮೇಲೆ 1,500 ಪ್ಯಾಸ್ಕಲ್ ಒತ್ತಡ ಬಿದ್ದು, ಅದು ನಡುವಿನಲ್ಲಿ ಕಾಲು ಮೀಟರ್ ಬಾಗಿತೆಂದರೆ, ಬಾಗಿಲಿನ ಎತ್ತರದ ಪ್ರತಿ ಮೀಟರಿಗೂ ಸುಮಾರು 1.9 ಟನ್ ಬಲ ಎರಡು ಪಕ್ಕದ ಚಾನೆಲುಗಳನ್ನು ಒಂದರ ಕಡೆಗೊಂದು ಸೆಳೆಯುತ್ತದೆ. ಐದು ಮೀಟರ್ ಎತ್ತರಕ್ಕೆ ಇದು ಒಂಬತ್ತು ಟನ್ನನ್ನೂ ಮೀರುತ್ತದೆ. ಅಂದರೆ ಗಾಳಿ ಬಾಗಿಲನ್ನು ನೂಕುವ ಒಟ್ಟು ಬಲಕ್ಕಿಂತ ಹೆಚ್ಚಿನ ಬಲ, ಅದೂ ಬೇರೊಂದು ದಿಕ್ಕಿನಲ್ಲಿ, ಪ್ರತಿಯೊಂದು ಪಕ್ಕವನ್ನೂ ಎಳೆಯುತ್ತಿರುತ್ತದೆ. ಬಾಗುವಿಕೆ ಅರ್ಧ ಮೀಟರಿಗೆ ಏರಿದರೆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಬಾಗಿಲು ಬಿಗಿಯಾಗಿದ್ದಷ್ಟೂ ಕಂಬಕ್ಕೆ ಹೆಚ್ಚು ಶ್ರಮ ಎಂಬ ಈ ಮಾತು ಮೊದಲ ಬಾರಿ ಕೇಳುವವರಿಗೆ ವಿಚಿತ್ರವೆನಿಸಬಹುದು. ಟೊಳ್ಳು ಕಾಂಕ್ರೀಟ್ ಇಟ್ಟಿಗೆಯ ಗೋಡೆಗೆ ನಾಲ್ಕು ಬೋಲ್ಟು ಬಡಿದು ಕೂರಿಸಿದ ಚಾನೆಲಿಗೆ ಈ ಶಕ್ತಿಯಿಲ್ಲ. ಬಾಗಿಲಿನ ಎರಡೂ ಪಕ್ಕದಲ್ಲಿ ನೆಲದಿಂದ ಮೇಲಿನ ತೊಲೆಯವರೆಗೆ ಉಕ್ಕಿನ ಅಥವಾ ಕಬ್ಬಿಣ ಕಟ್ಟಿದ ಕಾಂಕ್ರೀಟಿನ ಕಂಬವಿರಬೇಕು, ಚಾನೆಲನ್ನು ಅದಕ್ಕೆ ಬೆಸುಗೆಯಿಂದಲೋ ಹತ್ತಿರ ಹತ್ತಿರದ ಆಂಕರ್ ಬೋಲ್ಟುಗಳಿಂದಲೋ ಬಿಗಿಯಬೇಕು, ಬೋಲ್ಟು ಕಾಂಕ್ರೀಟಿನ ಅಂಚಿಗೆ ತೀರ ಸಮೀಪವಾಗಿ ಮೂಲೆಯನ್ನೇ ಒಡೆಯದಂತೆ ನೋಡಿಕೊಳ್ಳಬೇಕು. ಶೆಡ್ಡಿನ ಕಂಬಗಳ ಲೆಕ್ಕ ಮಾಡುವ ಎಂಜಿನಿಯರಿಗೆ ಬಾಗಿಲಿನ ತಯಾರಕರು ಈ ಎಳೆತದ ಅಂಕಿಯನ್ನು ಬರೆದುಕೊಡದಿದ್ದರೆ, ಇಬ್ಬರೂ ತಂತಮ್ಮ ಕೆಲಸ ಸರಿಯಾಗಿ ಮಾಡಿಯೂ ಕಟ್ಟಡ ದುರ್ಬಲವಾಗಿಯೇ ಉಳಿಯುತ್ತದೆ.

ಸೆಕ್ಷನಲ್ ಬಾಗಿಲು ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ. ಎರಡು ತೆಳು ಉಕ್ಕಿನ ಹಾಳೆಗಳ ನಡುವೆ ಸುಮಾರು 40 ಮಿ.ಮೀ. ಪಾಲಿಯುರೆಥೇನ್ ಫೋಮ್ ತುಂಬಿದ ಹಲಗೆಗಳು ತಾವೇ ಗಡುಸಾಗಿರುವುದರಿಂದ ಅವು ತೊಲೆಯಂತೆಯೇ ಕೊನೆಯವರೆಗೂ ಭಾರ ಹೊರುತ್ತವೆ. ಅಗಲ ಹೆಚ್ಚಿದರೆ ಹಲಗೆಯ ಹಿಂಬದಿಗೆ ಅಡ್ಡಲಾಗಿ ಉಕ್ಕಿನ ಪಟ್ಟಿಗಳನ್ನು ಸೇರಿಸಿ ಬಲಪಡಿಸಲಾಗುತ್ತದೆ. ಹಲಗೆಯ ಭಾರವೆಲ್ಲ ತುದಿಯ ಉರುಳೆಗಳ ಮೂಲಕ ಹಳಿಗೆ, ಹಳಿಯಿಂದ ಬ್ರಾಕೆಟ್ಟಿಗೆ, ಬ್ರಾಕೆಟ್ಟಿನಿಂದ ಕಂಬಕ್ಕೆ ಹೋಗಬೇಕು. ಹೆಬ್ಬೆರಳಿನ ದಪ್ಪದ ಉರುಳೆಯ ಕಡ್ಡಿಯೊಂದು ಬಗ್ಗಿದರೆ ಅಥವಾ ಹಳಿಯ ತುಟಿ ಬಿಚ್ಚಿಕೊಂಡರೆ ಹಲಗೆ ಎಷ್ಟು ಗಟ್ಟಿಯಾಗಿದ್ದರೂ ಫಲವಿಲ್ಲ. ಯುರೋಪಿನ ಇಎನ್ 12424 ಮಾನಕ ಇಂಥ ಬಾಗಿಲುಗಳನ್ನು ಗಾಳಿಯ ಒತ್ತಡಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸುತ್ತದೆ: 2ನೇ ದರ್ಜೆ 450 ಪ್ಯಾಸ್ಕಲ್, 3ನೇ ದರ್ಜೆ 700, 4ನೇ ದರ್ಜೆ 1,000, ಅದಕ್ಕೂ ಮೀರಿದ್ದು 5ನೇ ದರ್ಜೆ. ಆಮದಾದ ಬಾಗಿಲಿನ ಪತ್ರದಲ್ಲಿ 3ನೇ ದರ್ಜೆ ಎಂದಿದ್ದರೆ ಬೆಂಗಳೂರಿನ 653 ಪ್ಯಾಸ್ಕಲಿಗೆ ಅದು ಹೆಚ್ಚುಕಡಿಮೆ ಸರಿಹೊಂದಬಹುದು, ಮಂಗಳೂರಿನ 913ಕ್ಕೆ ಸಾಲದು. ಆ ದರ್ಜೆ ಕೂಡ ಪರೀಕ್ಷಿಸಿದ ಅಳತೆಯ ಬಾಗಿಲಿಗೆ ಮಾತ್ರ ಅನ್ವಯಿಸುತ್ತದೆ; ಅಗಲ ಒಂದೂವರೆ ಪಟ್ಟಾದರೆ ಹಲಗೆಯ ಬಾಗುವಿಕೆ ಸುಮಾರು ಐದು ಪಟ್ಟಾಗುತ್ತದೆ.

ಬಿರುಗಾಳಿ ವರ್ಷಕ್ಕೊಮ್ಮೆ ಬಂದೀತು. ಫೋರ್ಕ್‌ಲಿಫ್ಟ್ ದಿನವೂ ಬರುತ್ತದೆ. ಫ್ಲಾರಿಡಾದ ತೋಪಿನ ರೀಪು ಬಾಗಿಲಿಗೆ ತಂದು ಸುರಿಯುವ ಶಕ್ತಿ ಸುಮಾರು 470 ಜೂಲ್. ನಾಲ್ಕು ಟನ್ ತೂಕದ ಫೋರ್ಕ್‌ಲಿಫ್ಟ್ ಗಂಟೆಗೆ 5 ಕಿ.ಮೀ. ವೇಗದಲ್ಲಿ, ಅಂದರೆ ಮನುಷ್ಯನ ನಡಿಗೆಯ ವೇಗದಲ್ಲಿ, ಬಂದು ತಾಗಿದರೂ ಅದು 3,800 ಜೂಲನ್ನು ಮೀರುತ್ತದೆ, ರೀಪಿನ ಎಂಟು ಪಟ್ಟು. ಇದನ್ನು ಎದುರಿಸಿ ನಿಲ್ಲುವಷ್ಟು ಗಟ್ಟಿಯಾದ ಬಾಗಿಲನ್ನು ಮಾಡಬಹುದು. ಆದರೆ ಅದನ್ನು ಎತ್ತುವುದು ಯಾರು? ಆದ್ದರಿಂದ ಬಿರುಗಾಳಿಯ ಮುಂದೆ ಪಟ್ಟುಹಿಡಿದು ನಿಲ್ಲಬೇಕಾದ ಬಾಗಿಲು ಫೋರ್ಕ್‌ಲಿಫ್ಟಿನ ಮುಂದೆ ಬೇಕೆಂದೇ ಸೋಲುವಂತೆ ವಿನ್ಯಾಸಗೊಳ್ಳುತ್ತದೆ. ಹೈಸ್ಪೀಡ್ ಬಾಗಿಲಿನ ಬಟ್ಟೆಯ ಅಂಚು ಗುದ್ದು ಬಿದ್ದಾಗ ಚಾನೆಲಿನಿಂದ ಕಳಚಿಕೊಂಡು, ಮುಂದಿನ ಸಲ ಬಾಗಿಲು ಮೇಲೇರಿ ಇಳಿಯುವಾಗ ಜಿಪ್ಪಿನಂತೆ ತಾನಾಗಿ ಮತ್ತೆ ಸೇರಿಕೊಳ್ಳುತ್ತದೆ. ಸಾಮಾನು ಏರಿಸಿ ಇಳಿಸುವ ಕಟ್ಟೆಯ ಕೆಲವು ಸೆಕ್ಷನಲ್ ಬಾಗಿಲುಗಳಲ್ಲಿ ಉರುಳೆಯ ಜಾಗದಲ್ಲಿ ಸ್ಪ್ರಿಂಗಿನ ಮೊಳೆಗಳಿದ್ದು, ಗುದ್ದು ಬಿದ್ದರೆ ಮೊಳೆ ಒಳಸರಿದು ಹಲಗೆ ಹಳಿಯಿಂದ ಹಾರಿಬರುತ್ತದೆ. ಕೆಲಸಗಾರರು ಅದನ್ನು ಕೆಲವೇ ನಿಮಿಷಗಳಲ್ಲಿ ಮರಳಿ ಕೂರಿಸುತ್ತಾರೆ. ಆದರೆ ಗುದ್ದಿಗೆ ಸುಲಭವಾಗಿ ಕಳಚುವ ಅಂಚು ಗಾಳಿಗೂ ಕಳಚೀತು. ಹೊರಗೋಡೆಯಲ್ಲಿ ಬಿರುಗಾಳಿಗೆ ತಕ್ಕ ಶಟರ್, ಅದರ ಒಳಬದಿಗೆ ಹಗಲಿಡೀ ಓಡಾಟಕ್ಕೆ ಬಟ್ಟೆಯ ಬಾಗಿಲು ಎಂಬ ಎರಡು ಪದರದ ವ್ಯವಸ್ಥೆ ಹುಟ್ಟಿದ್ದು ಈ ಇಕ್ಕಟ್ಟಿನಿಂದಲೇ. ಹಳಿ ಮತ್ತು ಚಾನೆಲುಗಳಿಗೆ ಮಾತ್ರ ಸೋಲುವ ಸ್ವಾತಂತ್ರ್ಯವಿಲ್ಲ. ಅವುಗಳ ಮುಂದೆ ಕಾಂಕ್ರೀಟ್ ತುಂಬಿದ ಉಕ್ಕಿನ ಕೊಳವೆಯ ಗಿಡ್ಡ ಕಂಬಗಳನ್ನು ಹೂತು, ಹಳದಿ ಕಪ್ಪು ಪಟ್ಟೆ ಬಳಿಯುವುದು ಇಡೀ ಬಾಗಿಲಿನಲ್ಲಿ ಅತಿ ಅಗ್ಗದ, ಅತಿ ಉಪಯುಕ್ತ ರಕ್ಷಣೆ.

ನೀರಿನ ವಿಚಾರದಲ್ಲಿ ಜನ ನಂಬುವುದು ಇಳಿಜಾರನ್ನು. ಹೊಸ್ತಿಲು ಸ್ವಲ್ಪ ಎತ್ತರಿಸಿದರೆ ನೀರು ಒಳಬರದು ಎಂಬ ಎಣಿಕೆ ಗಾಳಿಯಿಲ್ಲದ ಮಳೆಗೆ ಸರಿ. ಗಾಳಿ ಬೀಸಿದಾಗ ಬಾಗಿಲಿನ ಹೊರಗೂ ಒಳಗೂ ಒತ್ತಡದ ವ್ಯತ್ಯಾಸ ಉಂಟಾಗಿ, ಅದು ನೀರನ್ನು ಸಂದಿಯೊಳಗೆ ಮೇಲಕ್ಕೂ ತಳ್ಳುತ್ತದೆ: ಪ್ರತಿ 10 ಪ್ಯಾಸ್ಕಲಿಗೆ ಸುಮಾರು ಒಂದು ಮಿ.ಮೀ. ಎತ್ತರ. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ನೀರನ್ನು 24 ಮಿ.ಮೀ. ಏರಿಸಬಲ್ಲದು, 39 ಮೀಟರ್ ವೇಗದ್ದು 90 ಮಿ.ಮೀ.ಗೂ ಮೇಲೆ. ಆದಕಾರಣ ಒಳ್ಳೆಯ ವಿನ್ಯಾಸದಲ್ಲಿ ನೀರಿಗೆ ಒಂದೇ ತಡೆಯಿರುವುದಿಲ್ಲ. ಬಾಗಿಲಿನ ಹೊರಗೆ ಉದ್ದಕ್ಕೂ ಜಾಲರಿ ಮುಚ್ಚಿದ ಚರಂಡಿ, ಅದರತ್ತ ಇಳಿಜಾರಾದ ನೆಲ, ಬಾಗಿಲು ಕೂರುವಲ್ಲಿ ಒಳನೆಲಕ್ಕಿಂತ ಹತ್ತು ಹದಿನೈದು ಮಿ.ಮೀ. ತಗ್ಗಿದ ಮೆಟ್ಟಿಲು, ಅದರ ಮೇಲೆ ಒತ್ತಿಕೊಳ್ಳುವ ಟೊಳ್ಳು ರಬ್ಬರಿನ ಸೀಲು, ಹೀಗೆ ನೀರು ಹಂತಹಂತವಾಗಿ ಶಕ್ತಿ ಕಳೆದುಕೊಳ್ಳುವಂತೆ ಮಾಡಲಾಗುತ್ತದೆ. ಮೇಲ್ಭಾಗದಲ್ಲಿ ಶಟರಿನ ಸುರುಳಿ ಕೂರುವ ಡಬ್ಬಿಯ ಬಾಯಿಯನ್ನು ಮುಚ್ಚದೆ ಬಿಡುವುದು ನಮ್ಮಲ್ಲಿ ತೀರ ಸಾಮಾನ್ಯ. ತಳದಲ್ಲಿ ಎಷ್ಟು ರಬ್ಬರ್ ಹಾಕಿದರೂ ಎರಚಲು ಮೇಲಿನಿಂದ ಇಳಿದು ಬರುತ್ತದೆ.

ಸೀಲು ಸೋಲುವುದು ಹೆಚ್ಚಾಗಿ ಮೂಲೆಯಲ್ಲಿ. ತಳದ ರಬ್ಬರ್ ಮತ್ತು ಪಕ್ಕದ ರಬ್ಬರ್ ಸಂಧಿಸುವ ಕಡೆ, ಬಾಗಿಲು ಚಲಿಸಲು ಜಾಗ ಬೇಕೆಂದು, ಒಂದು ಬೆರಳು ತೂರುವಷ್ಟು ಕಿಂಡಿ ಉಳಿದುಬಿಡುತ್ತದೆ. ತಳದ ಸೀಲನ್ನು ಬಾಗಿಲಿಗಿಂತ ಎರಡೂ ಕಡೆ ತುಸು ಉದ್ದ ಬಿಟ್ಟು ಚಾನೆಲಿನೊಳಗೆ ಮಡಚಿಕೊಳ್ಳುವಂತೆ ಮಾಡುವುದೇ ಅದಕ್ಕೆ ಉಪಾಯ. ಸೀಲಿಗೆ ಇಂದು ಹೆಚ್ಚು ಬಳಕೆಯಲ್ಲಿರುವುದು ಇಪಿಡಿಎಂ ಎಂಬ ಕೃತಕ ರಬ್ಬರ್. ಬಿಸಿಲಿಗೂ ಗಾಳಿಯ ಓಜೋನಿಗೂ ಅದು ಬೇಗ ಬಿರುಕು ಬಿಡುವುದಿಲ್ಲ, ಆದರೆ ಡೀಸೆಲ್, ಗ್ರೀಸು ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ಚೆಲ್ಲುವ ವರ್ಕ್‌ಶಾಪುಗಳಿಗೆ ನೈಟ್ರೈಲ್ ಅಥವಾ ನಿಯೋಪ್ರೀನ್ ರಬ್ಬರ್ ಲೇಸು. ಅಗ್ಗದ ಪಿವಿಸಿ ಬೀಡಿಂಗು ಕೆಲವು ಬೇಸಿಗೆಗಳಲ್ಲಿ ಗಡುಸಾಗಿ, ಒತ್ತಿದರೂ ಮರಳಿ ಉಬ್ಬದಂತಾಗುತ್ತದೆ. 5 ಮೀಟರ್ ಚೌಕದ ಬಾಗಿಲಿನ ಸುತ್ತಳತೆ 20 ಮೀಟರ್. ಅದರ ಸುತ್ತ ಬರೀ 5 ಮಿ.ಮೀ. ಸಂದಿ ಉಳಿದರೆ ಗೋಡೆಯಲ್ಲಿ ಒಂದು ಅಡಿ ಚೌಕದ ಕಂಡಿ ಕೊರೆದಂತಾಯಿತು. ಹವಾನಿಯಂತ್ರಿತ ಕಟ್ಟಡದಲ್ಲಿ ಈ ಕಂಡಿಗೆ ವಿದ್ಯುತ್ ಬಿಲ್ಲಿನ ರೂಪದಲ್ಲಿ ಬೆಲೆ ಕಟ್ಟಬೇಕಾಗುತ್ತದೆ. ಫೋಮ್ ತುಂಬಿದ ಹಲಗೆಯೊಂದನ್ನೇ ಅಳೆದರೆ ಅದು ದಾಟಗೊಡುವ ಶಾಖ ಬಹಳ ಕಡಿಮೆ. ಕೂರಿಸಿದ ಬಾಗಿಲನ್ನು ಇಡಿಯಾಗಿ ಅಳೆದಾಗ ಅದೇ ಅಂಕಿ ಸುಮಾರು ಎರಡರಷ್ಟಾಗುವುದುಂಟು. ಆ ವ್ಯತ್ಯಾಸ ಕೀಲು, ಜೋಡಣೆ, ಅಂಚುಗಳದ್ದು. ಮಾರಾಟದ ಪುಸ್ತಿಕೆಯಲ್ಲಿ ಅಚ್ಚಾಗಿರುವುದು ಯಾವ ಅಂಕಿ ಎಂದು ಕೇಳುವುದು ಕೊಳ್ಳುವವರ ಹಕ್ಕು.

ಮಂಗಳೂರಿನಲ್ಲಿ ಈ ಎಲ್ಲ ಪ್ರಶ್ನೆಗಳೂ ಒಟ್ಟಿಗೆ ಎದುರಾಗುತ್ತವೆ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದೂ ಕಡಲಿನಿಂದ ನೇರ ಬೀಸುವ ನೈಋತ್ಯ ಗಾಳಿಯೊಂದಿಗೆ. ಇಲ್ಲಿನ ಗೋಡಂಬಿ ಕಾರ್ಖಾನೆಗಳ ತಿರುಳಿನ ತೇವಾಂಶ ಶೇ. 5ನ್ನು ಮೀರಬಾರದು, ಆದ್ದರಿಂದ ಗೋದಾಮಿನ ಬಾಗಿಲು ಮಳೆಗಾಲದ ಗಾಳಿಯನ್ನು ಹೊರಗಿಡಲೇಬೇಕು. ಅದೇ ಊರಿನ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ ‘ಮಾನ್ಸೂನ್ಡ್ ಮಲಬಾರ್’ ಎಂಬ ಕಾಫಿಗಾಗಿ ಬೀಜವನ್ನು ಪಕ್ಕ ತೆರೆದ ಗೋದಾಮುಗಳಲ್ಲಿ ಹರಡಿ, ವಾರಗಟ್ಟಲೆ ಅದೇ ಗಾಳಿಗೆ ಬೇಕೆಂದೇ ಒಡ್ಡುತ್ತಾರೆ. ಬೀಜ ತೇವ ಹೀರಿ ಉಬ್ಬಿ ಹೊಂಬಣ್ಣಕ್ಕೆ ತಿರುಗುವುದೇ ಅದರ ಹೆಗ್ಗಳಿಕೆ. ಯಾವ ಸರಕಿಗೆ ಯಾವ ಗಾಳಿ ಎಂಬುದನ್ನು ತಿಳಿಯದೆ ಬಾಗಿಲಿನ ವಿನ್ಯಾಸಕ್ಕೆ ಕೈಹಾಕಲಾಗದು. ಕಡಲ ಗಾಳಿಯ ಉಪ್ಪು ಇನ್ನೊಂದು ಶತ್ರು. ಚದರ ಮೀಟರಿಗೆ 275 ಗ್ರಾಂ ಸತು ಲೇಪಿಸಿದ ಹಾಳೆ ಎಂದರೆ ಎರಡು ಬದಿ ಸೇರಿ ಅಷ್ಟು. ಒಂದು ಬದಿಯ ಲೇಪ ಸುಮಾರು 19 ಮೈಕ್ರಾನ್, ಒಂದು ಮಿ.ಮೀ.ನ ಐವತ್ತನೇ ಒಂದು ಭಾಗ. ಕರಾವಳಿಯಲ್ಲಿ ಅದರ ಮೇಲೆ ಬಣ್ಣದ ಪದರವೂ ಬೇಕು. ತುಕ್ಕು ಮೊದಲು ಹಿಡಿಯುವುದು ಕತ್ತರಿಸಿದ ತುದಿ, ಕೊರೆದ ತೂತು, ಬೆಸುಗೆ ಹಾಕಿದ ಜಾಗಗಳಿಗೆ, ಎಂದರೆ ವಿಂಡ್ ಲಾಕ್, ರಿವೆಟ್, ಆಂಕರ್‌ಗಳಿರುವ ಅಂಚಿಗೇ. ಶಟರಿನ ಮೈಯೆಲ್ಲ ಹೊಳೆಯುತ್ತಿದ್ದು ಚಾನೆಲಿನ ಬುಡ ಮಾತ್ರ ಪೊರೆಪೊರೆಯಾಗಿ ಕಳಚುತ್ತಿರುವುದು ಕರಾವಳಿಯಲ್ಲಿ ಸಾಮಾನ್ಯ ನೋಟ.

ಬಲ ಹೆಚ್ಚಿಸಲು ಸೇರಿಸುವ ಪ್ರತಿ ಉಕ್ಕಿನ ತುಂಡಿಗೂ ತೂಕವುಂಟು. 25 ಚದರ ಮೀಟರಿನ ಸೆಕ್ಷನಲ್ ಬಾಗಿಲು 300 ಕಿಲೋದಷ್ಟು ತೂಗಬಲ್ಲದು. ಅದನ್ನು ಒಬ್ಬ ಮನುಷ್ಯ ಅಥವಾ ಸಣ್ಣ ಮೋಟಾರು ಎತ್ತಲು ಸಾಧ್ಯವಾಗುವುದು ಮೇಲಿನ ದಂಡಕ್ಕೆ ತಿರುಚಿ ಕಟ್ಟಿದ ಟಾರ್ಷನ್ ಸ್ಪ್ರಿಂಗು ಆ ತೂಕವನ್ನು ಸರಿದೂಗಿಸುವುದರಿಂದ. ಗಾಳಿಯನ್ನು ತಡೆಯಲೆಂದು ಹಳೆಯ ಬಾಗಿಲಿಗೆ ಹೊಸ ಪಟ್ಟಿಗಳನ್ನು ಬೆಸೆದು, ಸ್ಪ್ರಿಂಗನ್ನು ಹಾಗೆಯೇ ಬಿಟ್ಟರೆ ಮೋಟಾರು ಸುಡುತ್ತದೆ ಇಲ್ಲವೇ ಬಾಗಿಲು ತಾನಾಗಿ ಕೆಳಗಿಳಿಯುತ್ತದೆ. ಸ್ಪ್ರಿಂಗಿಗೂ ಆಯುಸ್ಸಿದೆ: ದಿನಕ್ಕೆ 50 ಬಾರಿಯಂತೆ 300 ದಿನ ತೆರೆದು ಮುಚ್ಚಿದರೆ ವರ್ಷಕ್ಕೆ 15,000 ಬಾರಿಯಾಗುತ್ತದೆ, 10,000 ಬಾರಿಗೆಂದು ಮಾಡಿದ ಸ್ಪ್ರಿಂಗು ಎಂಟೇ ತಿಂಗಳಿಗೆ ದಣಿಯುತ್ತದೆ, ಒಂದು ಲಕ್ಷ ಬಾರಿಯದು ಆರೂವರೆ ವರ್ಷ ಬಾಳುತ್ತದೆ. ಸ್ಪ್ರಿಂಗು ಅಥವಾ ಬಾಗಿಲನ್ನು ಎತ್ತುವ ಹಗ್ಗ ತುಂಡಾದರೆ ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುವ ಸಾಧನ, ತಳದ ರಬ್ಬರಿನೊಳಗೇ ಅಡಗಿಸಿದ ಸುರಕ್ಷತಾ ಸ್ವಿಚ್ಚು ಇವೆರಡೂ ಇರಲೇಬೇಕಾದ ಅಂಗಗಳು. ಇಳಿಯುವ ಬಾಗಿಲು ಮನುಷ್ಯನಿಗೆ ತಾಗಿದರೆ ಅದರ ಒತ್ತು 400 ನ್ಯೂಟನ್, ಅಂದರೆ ಸುಮಾರು 40 ಕಿಲೋ ಭಾರವನ್ನು ಮೀರಕೂಡದು, ಮುಕ್ಕಾಲು ಸೆಕೆಂಡಿನೊಳಗೆ ಅದು 150 ನ್ಯೂಟನ್ನಿಗೆ ಇಳಿಯಬೇಕು ಎಂಬುದು ಯುರೋಪಿನ ಇಎನ್ 12453 ಮಾನಕದ ಮಿತಿ.

ನಮ್ಮ ಟೆಂಡರುಗಳಲ್ಲಿ ಬಾಗಿಲನ್ನು ಇಂದಿಗೂ ಚದರ ಮೀಟರಿನ ದರದಲ್ಲಿಯೇ ಕೊಳ್ಳಲಾಗುತ್ತದೆ. ಆ ದರಪಟ್ಟಿಯಲ್ಲಿ ಹಾಳೆಯ ದಪ್ಪವಿರುತ್ತದೆ, ಬಣ್ಣವಿರುತ್ತದೆ, ಅಂಚಿನ ಲೆಕ್ಕ ಮಾತ್ರ ಇರುವುದಿಲ್ಲ. ಹೊಸ ಬಾಗಿಲು ಕೊಳ್ಳುವವರು ತಮ್ಮ ಊರಿನ ಗಾಳಿಯ ಒತ್ತಡವನ್ನು ಪ್ಯಾಸ್ಕಲಿನಲ್ಲಿ ಬರೆದುಕೊಟ್ಟು, ಅಷ್ಟು ಒತ್ತಡಕ್ಕೆ ಕಂಬದ ಮೇಲೆ ಬೀಳುವ ಎಳೆತವೆಷ್ಟು, ಬೋಲ್ಟುಗಳು ಎಷ್ಟು ದಪ್ಪ, ಎಷ್ಟು ಅಂತರದಲ್ಲಿ ಎಂಬುದನ್ನು ತಯಾರಕರಿಂದ ನಕ್ಷೆಸಮೇತ ಬರೆಸಿಕೊಳ್ಳಬೇಕು. ಈಗಾಗಲೇ ಬಾಗಿಲು ಇರುವವರು ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಬಾಗಿಲು ಮುಚ್ಚಿ, ಒಳಗಿನ ದೀಪಗಳನ್ನೆಲ್ಲ ಆರಿಸಿ ನೋಡಲಿ. ಬೆಳಕು ತೂರಿಬರುವಲ್ಲೆಲ್ಲ ಜೂನಿನಲ್ಲಿ ನೀರು ಬರುತ್ತದೆ. ಸಡಿಲವಾದ ಬ್ರಾಕೆಟ್ಟು, ಸವೆದ ಉರುಳೆ, ಹರಿದ ರಬ್ಬರ್ ಇವನ್ನು ಕಾರ್ಖಾನೆಯ ಫಿಟ್ಟರೇ ಸರಿಪಡಿಸಬಹುದು. ಟಾರ್ಷನ್ ಸ್ಪ್ರಿಂಗಿನಲ್ಲಿ ಇಡೀ ಬಾಗಿಲಿನ ತೂಕಕ್ಕೆ ಸಮನಾದ ಬಲ ಸುತ್ತಿಟ್ಟಿರುವುದರಿಂದ, ಅದರ ಬೋಲ್ಟನ್ನು ಮಾತ್ರ ಆ ಕೆಲಸದಲ್ಲಿ ತರಬೇತಿ ಪಡೆದವರಲ್ಲದೆ ಬೇರೆ ಯಾರೂ ಮುಟ್ಟಬಾರದು.